ಹಲ್ಲು ಕಿತ್ತ ದಿನವೇ ಹಲ್ಲು ಸೆಟ್: ಮೊದಲ ರಾತ್ರಿ ಯಾಕೆ ತೆಗೀಬಾರದು, ಮೂರನೇ ತಿಂಗಳಿಗೆ ಯಾಕೆ ಸಡಿಲ ಆಗುತ್ತೆ

[ತೆರೆಯ ಮೇಲೆ: ಹಳದಿ ಪ್ಲಾಸ್ಟರ್ ಅಚ್ಚು. ಲ್ಯಾಬ್ ಟೆಕ್ನಿಶಿಯನ್ ಸಣ್ಣ ಗರಗಸದಿಂದ ಮುಂದಿನ ಹಲ್ಲುಗಳನ್ನ ಒಂದೊಂದಾಗಿ ಕತ್ತರಿಸ್ತಿದ್ದಾರೆ]

ನೋಡಿ, ಇಲ್ಲಿ ಹಲ್ಲು ಕೀಳ್ತಿರೋದು ಬಾಯಲ್ಲಲ್ಲ, ಅಚ್ಚಿನ ಮೇಲೆ. ಪೇಷಂಟ್ ಬಾಯಲ್ಲಿ ಈ ಆರು ಹಲ್ಲು ಇನ್ನೂ ಹಾಗೇ ಇವೆ. ಕಿತ್ತ ಮೇಲೆ ವಸಡು ಹೇಗೆ ಕೂತ್ಕೊಳ್ಳುತ್ತೆ ಅಂತ ಅಂದಾಜು ಮಾಡಿ, ಅಚ್ಚನ್ನ ಕೆತ್ತಿ, ಅದರ ಮೇಲೆ ಸೆಟ್ ಕಟ್ತಾರೆ. ಈ ‘ಅಂದಾಜು’ ಅನ್ನೋ ಪದ ನೆನಪಿಟ್ಕೊಳ್ಳಿ. ಮುಂದೆ ಬರೋ ತಕರಾರೆಲ್ಲ ಹೆಚ್ಚುಕಮ್ಮಿ ಅಲ್ಲಿಂದಲೇ ಶುರು.

ಇದಕ್ಕೆ ಇಮ್ಮೀಡಿಯೆಟ್ ಡೆಂಚರ್ ಅಂತಾರೆ. ಮಾಮೂಲಿ ಪದ್ಧತಿಯಲ್ಲಿ ಎಲ್ಲ ಹಲ್ಲು ಕಿತ್ತು, ಗಾಯ ಮಾಗೋವರೆಗೂ ಎರಡು ಮೂರು ತಿಂಗಳು ಬೊಚ್ಚು ಬಾಯಲ್ಲೇ ಕಾದು, ಆಮೇಲೆ ಅಳತೆ ಕೊಡಬೇಕು. ಇದರಲ್ಲಿ ಸೆಟ್ ಮೊದಲೇ ತಯಾರಿರುತ್ತೆ. ಕಿತ್ತ ಕೂಡಲೇ, ಅದೇ ಕುರ್ಚಿಯಲ್ಲಿ ಹಾಕ್ತಾರೆ.

[ತೆರೆಯ ಮೇಲೆ: ಬಾಯಿಯ ನಕ್ಷೆ, ಹಿಂದಿನ ಹಲ್ಲುಗಳು ಮಾಯವಾಗ್ತವೆ]

ಒಳ್ಳೆ ಕ್ರಮ ಯಾವುದಂದ್ರೆ, ಮೊದಲು ದವಡೆ ಹಲ್ಲು ತೆಗೆದು 6ರಿಂದ 8 ವಾರ ಬಿಡೋದು. ಹಿಂದಿನ ವಸಡು ಗಟ್ಟಿಯಾದ್ರೆ ಸೆಟ್‌ಗೆ ಒಂದು ಭದ್ರವಾದ ನೆಲ ಸಿಗುತ್ತೆ. ಮೇಲೆ ಕೆಳಗೆ ಪರಸ್ಪರ ತಾಗೋ ಒಂದು ಜೊತೆ ಹಲ್ಲನ್ನ ಉಳಿಸ್ಕೊಳ್ತಾರೆ. ಯಾಕಂದ್ರೆ ಬಾಯಿ ಮುಚ್ಚಿದಾಗ ದವಡೆ ಎಷ್ಟು ಎತ್ತರದಲ್ಲಿ ನಿಲ್ಲುತ್ತೆ ಅನ್ನೋ ಗುರುತು ಅದೊಂದೇ. ಆಮೇಲೆ ಆಲ್ಜಿನೇಟ್ ಅನ್ನೋ ಮೆತ್ತನೆ ಪೇಸ್ಟ್‌ನಲ್ಲಿ ಅಳತೆ, ಮೇಣದಲ್ಲಿ ಕಚ್ಚು (ಮೇಲಿನ ಕೆಳಗಿನ ಹಲ್ಲು ಕೂಡೋ ರೀತಿ), ಹಲ್ಲಿನ ಬಣ್ಣದ ಆಯ್ಕೆ. ಹಿಂದಿನ ಹಲ್ಲನ್ನ ಮೇಣದಲ್ಲಿ ಹಾಕಿ ನೋಡಬಹುದು, ಮುಂದಿನದನ್ನ ಆಗಲ್ಲ, ಆ ಜಾಗದಲ್ಲಿ ನಿಮ್ಮ ಸ್ವಂತ ಹಲ್ಲೇ ಇದೆಯಲ್ಲ! ಹಾಗಾಗಿ ಮುಖ ಹೇಗೆ ಕಾಣುತ್ತೆ ಅಂತ ಗೊತ್ತಾಗೋದು ಹಲ್ಲು ಕಿತ್ತ ದಿನವೇ. ನಗ್ತಿರೋ ನಿಮ್ಮ ಒಂದೆರಡು ಫೋಟೊ ಮೊದಲೇ ಡಾಕ್ಟರಿಗೆ ಕೊಡಿ, ಲ್ಯಾಬಿಗೂ ಉಪಯೋಗಕ್ಕೆ ಬರುತ್ತೆ.

ರಕ್ತ ತೆಳುವಾಗೋ ಮಾತ್ರೆ, ಶುಗರ್, ಮೂಳೆ ಸವೆತಕ್ಕೆ ತಗೊಳ್ತಿರೋ ಮಾತ್ರೆ ಅಥವಾ ಇಂಜೆಕ್ಷನ್, ದವಡೆ ಭಾಗಕ್ಕೆ ಆಗಿರೋ ರೇಡಿಯೇಶನ್, ಇವನ್ನ ಹಲ್ಲು ಕೀಳೋಕೆ ಮುಂಚೆಯೇ ಹೇಳಬೇಕು. ಮಾತ್ರೆಯನ್ನ ನೀವೇ ನಿಲ್ಲಿಸೋದಂತೂ ಬೇಡವೇ ಬೇಡ.

[ತೆರೆಯ ಮೇಲೆ: ಪಾರದರ್ಶಕ ಪ್ಲಾಸ್ಟಿಕ್ ತಟ್ಟೆಯನ್ನ ವಸಡಿನ ಮೇಲೆ ಒತ್ತುವ ದೃಶ್ಯ, ಹತ್ತಿರದಿಂದ]

ಹಲ್ಲು ಕಿತ್ತ ಮೇಲೆ ಕೆಲವು ಡಾಕ್ಟರುಗಳು ಇದನ್ನ ಬಳಸ್ತಾರೆ. ಸೆಟ್‌ನ ಒಳಮೈ ಆಕಾರದ್ದೇ ಗಾಜಿನಂಥ ತಟ್ಟೆ. ಒತ್ತಿದಾಗ ಎಲ್ಲಿ ವಸಡು ಬೆಳ್ಳಗಾಗುತ್ತೋ ಅಲ್ಲಿ ಒತ್ತಡ ಜಾಸ್ತಿ, ರಕ್ತ ಹಿಂದೆ ಸರಿದಿದೆ ಅಂತ ಅರ್ಥ. ಅಷ್ಟೇ ಜಾಗದ ಮೂಳೆ ಏಣನ್ನ ಉಜ್ಜಿ, ಹೊಲಿಗೆ ಹಾಕಿ, ಸೆಟ್ ಕೂರಿಸ್ತಾರೆ. ಅರಿವಳಿಕೆ ಇನ್ನೂ ಇಳಿದಿರಲ್ಲ, ನೀವು ಸರಿಯಾಗಿ ಕಚ್ತಿದ್ದೀರಾ ಅಂತ ನಿಮಗೇ ಗೊತ್ತಾಗಲ್ಲ. ಅದಕ್ಕೇ ಕಚ್ಚನ್ನ ಅವತ್ತು ಮೇಲ್ಮೇಲೆ ಸರಿಮಾಡಿ, ಉಳಿದದ್ದನ್ನ ಮುಂದಿನ ಭೇಟಿಗೆ ಬಿಡ್ತಾರೆ.

ಈಗ ಮುಖ್ಯವಾದ ಮಾತು. ಮೊದಲ 24 ಗಂಟೆ ಸೆಟ್ ತೆಗೀಬೇಡಿ. ನೋವಿದ್ರೂ, ಬಾಯಿ ತುಂಬಾ ಎಂಜಲು ಬಂದ್ರೂ, ಮಲಗುವಾಗಲೂ. ಆ ದಿನ ಅದು ಹಲ್ಲಲ್ಲ, ಗಾಯಕ್ಕೆ ಕಟ್ಟಿದ ಪಟ್ಟಿ. ತೆಗೆದ್ರೆ ವಸಡು ಊದ್ಕೊಳ್ಳುತ್ತೆ, ಸೆಟ್ ವಾಪಸ್ ಒಳಗೆ ಹೋಗಲ್ಲ, ಊತ ಇಳಿಯೋಕೆ ಮೂರು ನಾಲ್ಕು ದಿನ ಕಾಯಬೇಕಾಗುತ್ತೆ. ಮಾರನೇ ದಿನ ಕ್ಲಿನಿಕ್‌ನಲ್ಲಿ ಡಾಕ್ಟರೇ ತೆಗೆದು, ಕೆಂಪಾದ ಜಾಗ ನೋಡಿ, ಸೆಟ್‌ನ ಆ ಭಾಗ ಉಜ್ಜಿಕೊಡ್ತಾರೆ. ಮನೆಯಲ್ಲಿ ಚಾಕು, ಸ್ಯಾಂಡ್‌ಪೇಪರ್ ಹಿಡ್ಕೊಂಡು ಕೂರಬೇಡಿ. ಅಂಚು ಸ್ವಲ್ಪ ಹೆಚ್ಚಿಗೆ ಹೋದ್ರೂ ಸೆಟ್ ಹಿಡಿತವೇ ಹೋಗುತ್ತೆ.

ಮೊದಲ ದಿನ ಎಂಜಲು ನಸುಗೆಂಪಾಗಿರೋದು ಸಹಜ. ರಕ್ತ ಹರಿದು ಬರ್ತಾನೇ ಇದ್ರೆ ಫೋನ್ ಮಾಡಿ. ಉಗಿಯೋದು, ಸ್ಟ್ರಾ, ಬೀಡಿ ಸಿಗರೇಟು ಬೇಡ. ಗಾಯದಲ್ಲಿ ಹೆಪ್ಪುಗಟ್ಟಿದ ರಕ್ತದ ಗರಣೆ ಕಿತ್ತುಹೋದ್ರೆ ಎರಡನೇ ಮೂರನೇ ದಿನಕ್ಕೆ ಕಿವಿವರೆಗೂ ಸೆಳೆಯೋ ನೋವು ಬರುತ್ತೆ. 24 ಗಂಟೆ ಕಳೆದ ಮೇಲೆ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಬಹುದು. ಊಟ ಆದಾಗೆಲ್ಲ ಸೆಟ್ ತೆಗೆದು ತೊಳೆದು ತಕ್ಷಣ ಹಾಕ್ಕೊಳ್ಳಿ. ಮೊದಲ ವಾರ ರಾತ್ರಿಯೂ ಇರಲಿ. ಆಮೇಲೆ ರಾತ್ರಿ ತೆಗೆದಿಡಬೇಕು, ಇಲ್ಲಾಂದ್ರೆ ಬಾಯಿಯ ಅಂಗುಳದಲ್ಲಿ ಫಂಗಸ್ ಬೆಳೆಯುತ್ತೆ.

ಊಟದ ವಿಷಯದಲ್ಲಿ ಮುದ್ದೆ ಉಣ್ಣೋರು ಅದೃಷ್ಟವಂತರು. ಹೇಗೂ ಅಗಿಯೋ ಅಭ್ಯಾಸ ಇಲ್ಲ, ನುಂಗೋದೇ! ಆದ್ರೆ ಮೊದಲ ದಿನ ಬಿಸಿ ಬೇಡ. ತಣ್ಣಗಿನ ಗಂಜಿ, ಅಂಬಲಿ, ಮೆತ್ತಗೆ ಕಲಸಿದ ಮೊಸರನ್ನ ಸಾಕು. ಆಮೇಲೆ ಚಿಕ್ಕ ತುತ್ತು, ಎರಡೂ ಕಡೆ ಒಟ್ಟಿಗೆ ಅಗಿಯಿರಿ. ಮುಂದಿನ ಹಲ್ಲಲ್ಲಿ ಕಚ್ಚಿದ್ರೆ ಸೆಟ್ ಹಿಂದಿನಿಂದ ಏಳುತ್ತೆ. ‘ಸ’, ‘ಶ’ ಮೊದಮೊದಲು ಸೀಟಿ ಹೊಡೆದಂಗೆ ಬರುತ್ತೆ, ಪೇಪರ್ ಜೋರಾಗಿ ಓದಿ, ನಾಲಿಗೆ ದಾರಿ ಹುಡುಕ್ಕೊಳ್ಳುತ್ತೆ.

ಮೇಲಿನ ಸೆಟ್ ಅಂಗುಳ ಪೂರ್ತಿ ಮುಚ್ಚೋದರಿಂದ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಕೆಳಗಿನದು ಕುದುರೆ ಲಾಳದ ಆಕಾರ, ಅದನ್ನ ನಾಲಿಗೆ ತಳ್ತಾನೇ ಇರುತ್ತೆ. ಎರಡೂ ಒಂದೇ ಥರ ನಿಲ್ಲುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

[ತೆರೆಯ ಮೇಲೆ: ದವಡೆ ಮೂಳೆಯ ಏಣು ಕುಗ್ಗುತ್ತಾ ಹೋಗುವ ಆನಿಮೇಶನ್, ಸೆಟ್ ಹಾಗೇ ಇದೆ, ನಡುವೆ ಸಂದು]

‘ಹಾಕಿದಾಗ ಚೆನ್ನಾಗಿತ್ತು, ಈಗ ಅಲುಗಾಡ್ತಿದೆ, ಡಾಕ್ಟರ್ ಕೆಲಸ ಸರಿಯಿಲ್ಲ.’ ಮೂರನೇ ತಿಂಗಳಿಗೆ ಬರೋ ದೂರು ಇದು. ನಿಜ ಏನಂದ್ರೆ, ಬೇರು ಹಿಡಿದಿದ್ದ ಮೂಳೆಗೆ ಹಲ್ಲು ಹೋದ ಮೇಲೆ ಕೆಲಸ ಇಲ್ಲ, ಕರಗುತ್ತೆ. ಮೊದಲ ಆರು ತಿಂಗಳು ತುಂಬಾ ವೇಗವಾಗಿ, ಮೇಲಿನ ದವಡೆಗಿಂತ ಕೆಳಗಿನದರಲ್ಲಿ ಜಾಸ್ತಿ. ಸೆಟ್ ಬದಲಾಗಿಲ್ಲ, ಅದರ ಕೆಳಗಿನ ನೆಲ ಕುಸಿದಿದೆ. ಸೆಟ್ ಕೆಳಗೆ ಅನ್ನದ ಅಗುಳು ಸೇರೋದು, ಮಾತಾಡುವಾಗ ಟಕ್ ಅನ್ನೋದು ಇದರ ಸೂಚನೆ. ಆಗ ಸೆಟ್ ಒಳಮೈಗೆ ಲೈನರ್ ಅನ್ನೋ ಮೆತ್ತನೆ ಪದರ ಹಾಕ್ತಾರೆ, ಅದು ಬೇಗ ಗಟ್ಟಿಯಾಗೋದರಿಂದ ಆಗಾಗ ಬದಲಿಸಬೇಕು. ಆರು ತಿಂಗಳಿಂದ ವರ್ಷದೊಳಗೆ ಗಟ್ಟಿ ರಿಲೈನ್ (ಸೆಟ್ ಒಳಮೈಗೆ ಹೊಸದಾಗಿ ಗಟ್ಟಿ ಪದರ ಕೂರಿಸೋದು) ಇಲ್ಲವೇ ಹೊಸ ಸೆಟ್.

ಹಾಗಾಗಿ ರೇಟ್ ಕೇಳುವಾಗ ಸೆಟ್‌ದೊಂದೇ ಕೇಳಬೇಡಿ. ಉಜ್ಜಿಕೊಡೋ ಭೇಟಿಗಳು ಅದರಲ್ಲೇ ಬರುತ್ತಾ, ಲೈನರ್‌ಗೆ ಎಷ್ಟು, ರಿಲೈನ್‌ಗೆ ಎಷ್ಟು, ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡ್ ಇರೋ ಹಿರಿಯರು ಉಚಿತ ಹಲ್ಲು ಸೆಟ್‌ಗಾಗಿ ಇರೋ ಕರ್ನಾಟಕ ಸರ್ಕಾರದ ದಂತಭಾಗ್ಯ ಯೋಜನೆ ಬಗ್ಗೆ ಹತ್ತಿರದ ಡೆಂಟಲ್ ಕಾಲೇಜಿನಲ್ಲಿ ವಿಚಾರಿಸಿ. ಅಂಟು ಕ್ರೀಮನ್ನ ಹಸಿ ಗಾಯದ ಮೇಲೆ ಹಾಕಬಾರದು. ಮಾಗಿದ ಮೇಲೂ ದಿನಾ ಬೇಕು ಅನಿಸಿದ್ರೆ ರಿಲೈನ್ ಕಾಲ ಬಂದಿದೆ ಅಂತಲೇ ಲೆಕ್ಕ.

ಹೊಸ ಸೆಟ್ ಬಂದ ಮೇಲೆ ಹಳೇದನ್ನ ಎಸೀಬೇಡಿ. ಹೊಸದು ಕೈಜಾರಿ ಬಿದ್ದು ರಿಪೇರಿಗೆ ಹೋದ ದಿನ, ಸಡಿಲವಾದ್ರೂ ಅದೇ ಗತಿ. ಒಂದು ಡಬ್ಬಿಯಲ್ಲಿ ತಣ್ಣೀರು ತುಂಬಿ ಅದರಲ್ಲೇ ಇಡಿ. ಒಣಗಿದ್ರೂ, ಬಿಸಿನೀರು ಬಿದ್ರೂ ಅದರ ಆಕಾರ ಬದಲಾಗುತ್ತೆ.