ಯುದ್ಧದಲ್ಲಿ ಸತ್ತವರ ಲೆಕ್ಕ ಇಡೋರು ಯಾರು?

[ಕಪ್ಪು ಪರದೆ, ದನಿ ಮಾತ್ರ]
2022ರಲ್ಲಿ ಅತಿ ಹೆಚ್ಚು ಜನ ಸತ್ತ ಯುದ್ಧ ಯಾವುದು? ಉಕ್ರೇನ್ ಅಂತೀರಿ, ಅಲ್ವಾ? ಅಲ್ಲ. ಇಥಿಯೋಪಿಯಾದ ಟಿಗ್ರೇ ಪ್ರದೇಶದ ಯುದ್ಧ. ಅಲ್ಲಿ ಆ ಒಂದೇ ವರ್ಷ, ಬರೀ ಕಾದಾಟದಲ್ಲೇ ಒಂದು ಲಕ್ಷಕ್ಕೂ ಜಾಸ್ತಿ ಜನ ಸತ್ತರು. ಇಂಟರ್ನೆಟ್ ಕಡಿತವಾಗಿತ್ತು, ಪತ್ರಕರ್ತರಿಗೆ ಒಳಗೆ ಹೋಗೋಕೆ ಬಿಡಲಿಲ್ಲ. ನಮ್ಮ ಟಿವಿಗಳಿಗೆ ಅದು ಸುದ್ದಿಯೇ ಆಗಲಿಲ್ಲ.

ಹಾಗಾದರೆ ಈ ಲೆಕ್ಕ ಕೊಟ್ಟವರು ಯಾರು?

[ನಕಾಶೆ: ಸ್ವೀಡನ್]
ಸ್ಟಾಕ್‌ಹೋಮ್‌ನಿಂದ ಸುಮಾರು 70 ಕಿಲೋಮೀಟರ್. ಬೆಂಗಳೂರಿಂದ ತುಮಕೂರಿಗೆ ಹೋದಷ್ಟು ದೂರ. ಅಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯ ಇದೆ, 1477ರದ್ದು. ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದು, 1961ರಲ್ಲಿ ಆಫ್ರಿಕಾದಲ್ಲಿ ವಿಮಾನ ಬಿದ್ದು ತೀರಿಕೊಂಡ ಡಾಗ್ ಹ್ಯಾಮರ್‌ಷೋಲ್ಡ್ ಓದಿದ್ದು ಇಲ್ಲೇ. ಇಲ್ಲಿ ಶಾಂತಿ ಮತ್ತು ಸಂಘರ್ಷದ ಅಧ್ಯಯನಕ್ಕೇ ಒಂದು ವಿಭಾಗ ಇದೆ. ಪೀಟರ್ ವಾಲೆನ್‌ಸ್ಟೀನ್ ಎಂಬ ಪ್ರೊಫೆಸರ್ 1980ರ ದಶಕದಲ್ಲಿ ಇಲ್ಲಿ ಲೆಕ್ಕ ಇಡೋಕೆ ಶುರುಮಾಡಿದರು. ಇವತ್ತು ಅದರ ಹೆಸರು ಉಪ್ಸಾಲಾ ಕಾನ್‌ಫ್ಲಿಕ್ಟ್ ಡೇಟಾ ಪ್ರೋಗ್ರಾಂ.

ಕೆಲಸ ಹೇಗೆ ನಡೆಯುತ್ತೆ ನೋಡೋಣ.

[ಪರದೆ ಮೇಲೆ ಒಂದೇ ಒಂದು ಸಾಲು]
ಒಂದು ಹಳ್ಳಿಯಲ್ಲಿ ಗುಂಡಿನ ಕಾಳಗ ಆಯ್ತು ಅಂದುಕೊಳ್ಳಿ. ಸರ್ಕಾರ 4 ಸಾವು ಅನ್ನುತ್ತೆ. ಬಂಡುಕೋರರು 30 ಅಂತಾರೆ. ಸ್ಥಳಕ್ಕೆ ಹೋದ ವರದಿಗಾರ 12 ಅಂತ ಬರೆಯುತ್ತಾನೆ. ಇಲ್ಲಿ ಯಾವುದನ್ನೂ ಎಸೆಯೋದಿಲ್ಲ. ಕಡಿಮೆ ಅಂದರೆ 4, ಹೆಚ್ಚು ಅಂದರೆ 30, ನಂಬಬಹುದಾದದ್ದು 12. ಮೂರನ್ನೂ ಬರೆದಿಡುತ್ತಾರೆ. ಜೊತೆಗೆ ದಿನ, ಊರು, ಅಕ್ಷಾಂಶ, ರೇಖಾಂಶ. ಊರು ಎಲ್ಲಿದೆ ಅಂತ ಎಷ್ಟು ಖಚಿತ? ಅದಕ್ಕೂ 1ರಿಂದ 7ರವರೆಗೆ ಒಂದು ಅಂಕಿ! ಒಬ್ಬರೇ ಸತ್ತಿದ್ದರೂ ಅದಕ್ಕೊಂದು ಸಾಲು ಇರುತ್ತೆ. ನನಗೆ ತುಂಬಾ ಹಿಡಿಸಿದ್ದು ಇದೇ.

ಸರ್ಕಾರ ಒಂದು ಪಕ್ಷವಾಗಿರುವ ಜಗಳದಲ್ಲಿ ವರ್ಷಕ್ಕೆ ಕನಿಷ್ಠ 25 ಜನ ಸತ್ತರೆ ಅದು ಸಂಘರ್ಷ. ಸಾವಿರ ಮುಟ್ಟಿದರೆ ಯುದ್ಧ. ಕೈಯಲ್ಲಿ ಆಯುಧ ಇಲ್ಲದವರನ್ನು ಬೇಕೆಂದೇ ಕೊಂದಿದ್ದರೆ ಅದಕ್ಕೆ ಬೇರೆ ಪಟ್ಟಿ. 1994ರ ರುವಾಂಡಾ ನರಮೇಧ ಆ ಪಟ್ಟಿಯಲ್ಲಿದೆ.

ಒಂದು ಮಾತು ಮರೆಯಬೇಡಿ. ಹಸಿವಿನಿಂದ, ಔಷಧಿ ಸಿಗದೆ ಸತ್ತವರು ಈ ಲೆಕ್ಕದಲ್ಲಿ ಇಲ್ಲ. ಟಿಗ್ರೇಯ ಒಂದು ಲಕ್ಷ ಅಂದಾಗ, ಔಷಧಿ ಇಲ್ಲದೆ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದ ಸಕ್ಕರೆ ಕಾಯಿಲೆಯವರು ಅದರ ಹೊರಗಿದ್ದಾರೆ. ನಿಜವಾದ ನಷ್ಟ ಇನ್ನೂ ದೊಡ್ಡದು.

[ನಕಾಶೆ ಮೇಲೆ ಚುಕ್ಕೆಗಳು]
ಈ ಮಾಹಿತಿ ಎಲ್ಲ ಅವರ ವೆಬ್‌ಸೈಟ್‌ನಲ್ಲಿ ಉಚಿತ. ಲಾಗಿನ್ ಬೇಡ, ದುಡ್ಡು ಬೇಡ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದ್ತಾ ಇದ್ದರೆ ಇವತ್ತೇ ತೆರೆದು ನೋಡಿ. ಒಂದು ದೇಶದ ಮೇಲೆ ಒತ್ತಿ, ವರ್ಷ ಬದಲಿಸುತ್ತಾ ಹೋಗಿ. ಮುಂದಿನ ವರ್ಷ ಇದೇ ಪುಟಕ್ಕೆ ಬಂದರೆ ಹಳೆಯ ಅಂಕಿ ಬದಲಾಗಿರಬಹುದು. ಹೊಸ ವರದಿ ಸಿಕ್ಕಿದಾಗ ಹಿಂದಿನ ವರ್ಷಗಳ ಸಾಲುಗಳನ್ನೂ ಅವರು ಮತ್ತೆ ತೆಗೆದು ತಿದ್ದುತ್ತಾರೆ.