ಬೆಲೆ ಚೀಟಿ ಇಲ್ಲದ ಆಟ

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ಮೈಸೂರಿನ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ಈಗ ಮೊದಲ ಪಿಯುಸಿ. ಊಟ ಮುಗಿಸಿ ಸೋಫಾದ ಮೂಲೆಯಲ್ಲಿ ಫೋನ್ ಹಿಡಿದು ಕೂತಿದ್ದ. ಪರದೆಯ ಮೇಲೆ ಒಂದು ಪೆಟ್ಟಿಗೆ. ಅದು ಗಡಗಡ ಅಲುಗಾಡಿತು, ಬೆಳಕು ಚಿಮ್ಮಿತು, ಮುಚ್ಚಳ ತೆರೆಯಿತು. ಒಳಗಿಂದ ಬಂದದ್ದು ಆಟದ ಬಂದೂಕಿಗೆ ಬಳಿಯುವ ಒಂದು ನೀಲಿ ಬಣ್ಣ. ಹುಡುಗನ ಮುಖ ಬಾಡಿತು. "ಥೂ, ಇದು ಆಗ್ಲೇ ಇತ್ತು" ಅಂದ.

"ಎಷ್ಟಾಯ್ತೋ ಇದಕ್ಕೆ?" ಅಂತ ಕೇಳಿದೆ.

"60 ಕಾಯಿನ್, ಮಾವ."

"ಕಾಯಿನ್ ಅಂದ್ರೆ ಎಷ್ಟು ರೂಪಾಯಿ?"

ತಲೆ ಕೆರೆದುಕೊಂಡ. "ಗೊತ್ತಿಲ್ಲ ಮಾವ. ಪ್ಯಾಕ್ ತಗೊಂಡಿದ್ದೆ. ಅದರ ಜೊತೆ ಬೋನಸ್ ಕಾಯಿನ್ ಬಂದಿತ್ತು. ಆಮೇಲೆ ಇನ್ನೊಂದು ಆಫರ್ ಇತ್ತು..."

ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನೂರಕ್ಕೆ 94 ತೆಗೆದ ಹುಡುಗ ಅವನು. ಒಂದು ಪೆಟ್ಟಿಗೆಯ ಬೆಲೆ ಹೇಳೋಕೆ ಅವನಿಗೆ ಆಗಲಿಲ್ಲ. ತಪ್ಪು ಅವನದಲ್ಲ. ಆ ಲೆಕ್ಕವನ್ನು ಹಾಗೆ ಗೋಜಲು ಮಾಡಿದವರು ಬೇರೆಯವರು. ಇವತ್ತು ಅದರ ಬಗ್ಗೆಯೇ ಸ್ವಲ್ಪ ಮಾತಾಡೋಣ ಅಂತ ಬಂದಿದ್ದೇನೆ.

ವಿಡಿಯೋ ಗೇಮ್ ಮೊದಲು ಒಂದು ವಸ್ತುವಾಗಿತ್ತು. ಅಂಗಡಿಗೆ ಹೋಗಬೇಕು, ಡಬ್ಬಿ ಕೊಳ್ಳಬೇಕು. ಡಬ್ಬಿಯ ಬೆನ್ನ ಮೇಲೆ ಬೆಲೆ ಇರುತ್ತಿತ್ತು. ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್, ಅಂದರೆ ಇಎ ಅನ್ನುವ ಕಂಪನಿ ಶುರುವಾದದ್ದು 1982ರಲ್ಲಿ. ಅವರು ಮೊದಮೊದಲ ಆಟಗಳನ್ನು ಗ್ರಾಮಫೋನ್ ರೆಕಾರ್ಡಿನ ಕವರಿನಂಥ ಚಪ್ಪಟೆ ಕವರಿನಲ್ಲಿ ಮಾರುತ್ತಿದ್ದರು. ಆಟ ಬರೆದವರ ಹೆಸರು, ಫೋಟೋ ಎಲ್ಲ ಹಾಕುತ್ತಿದ್ದರು. ಹಾಡುಗಾರರಿಗೆ ಸಿಗುವ ಮರ್ಯಾದೆ ಇವರಿಗೂ ಸಿಗಲಿ ಅನ್ನುವ ಆಸೆ. ಕೊಂಡವನು ದುಡ್ಡು ಕೊಟ್ಟ, ಆಟ ತಗೊಂಡ. ಅಲ್ಲಿಗೆ ವ್ಯಾಪಾರ ಮುಗೀತು.

ಈ ಕಂಪನಿಯನ್ನೇ ಯಾಕೆ ಹಿಡಿದುಕೊಂಡೆ ಅಂದರೆ, ಆ ಡಬ್ಬಿಯಿಂದ ಈ ಪೆಟ್ಟಿಗೆಯವರೆಗಿನ ದಾರಿಯನ್ನು ಪೂರ್ತಿ ನಡೆದವರು ಅವರು. ಒಬ್ಬರೇ ನಡೆದರು ಅಂತಲ್ಲ.

ವ್ಯಾಪಾರ ಮುಗಿಯುವುದೇ ಆಟ ಹೊರತರುವ ಪ್ರಕಾಶಕರಿಗೆ ತಲೆನೋವಾಗಿತ್ತು. ಒಬ್ಬ ಹುಡುಗ ಆಟ ಮುಗಿಸಿ ಡಿಸ್ಕನ್ನು ಅಂಗಡಿಗೆ ವಾಪಸ್ ಮಾರುತ್ತಾನೆ. ಅಂಗಡಿಯವರು ಅದನ್ನೇ ಇನ್ನೊಬ್ಬನಿಗೆ ಮಾರುತ್ತಾರೆ. ಅಮೆರಿಕದಲ್ಲಿ ಗೇಮ್‌ಸ್ಟಾಪ್ ಅನ್ನುವ ಅಂಗಡಿ ಸರಪಳಿ ಈ ಹಳೇ ಡಿಸ್ಕಿನ ವ್ಯಾಪಾರದಿಂದಲೇ ಕೊಬ್ಬಿತ್ತು. ಆಟ ತಯಾರಿಸಿದವರಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. 2010ರಲ್ಲಿ ಇಎ ಒಂದು ಉಪಾಯ ಮಾಡಿತು. ಹೊಸ ಡಬ್ಬಿಯಲ್ಲಿ ಒಂದು ಕೋಡ್ ಇಟ್ಟಿತು. ಹಳೇ ಡಿಸ್ಕ್ ಕೊಂಡವನು ಆನ್‌ಲೈನ್ ಆಡಬೇಕಾದರೆ ಮತ್ತೆ 10 ಡಾಲರ್ ಕಟ್ಟಬೇಕು. ಜನ ಚೆನ್ನಾಗಿ ಬೈದರು. ಮೂರು ವರ್ಷದಲ್ಲಿ ಕೈಬಿಟ್ಟರು.

2013ರ ಜೂನಿನಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ಅನ್ನುವ ಗೇಮ್ ಯಂತ್ರದಲ್ಲಿ ಡಿಸ್ಕನ್ನು ಗೆಳೆಯರಿಗೆ ಕೊಡುವುದಕ್ಕೂ ಹಳೇದನ್ನು ಮಾರುವುದಕ್ಕೂ ಕಟ್ಟುಪಾಡು ಹಾಕಲು ಹೊರಟಿತು. ಎದುರಾಳಿ ಸೋನಿ ಕಂಪನಿಯವರು ಅರ್ಧ ನಿಮಿಷವೂ ಇಲ್ಲದ ಒಂದು ವಿಡಿಯೋ ಬಿಟ್ಟರು. ಆಟ ಹಂಚಿಕೊಳ್ಳುವುದು ಹೇಗೆ ಅಂತ ತೋರಿಸುವ ವಿಡಿಯೋ. ಒಬ್ಬ ಡಬ್ಬಿ ಕೊಡುತ್ತಾನೆ. ಇನ್ನೊಬ್ಬ ಥ್ಯಾಂಕ್ಸ್ ಅಂತ ತಗೊಳ್ಳುತ್ತಾನೆ. ಅಷ್ಟೇ ವಿಡಿಯೋ. ಜಗತ್ತೆಲ್ಲ ನಕ್ಕಿತು, ಮೈಕ್ರೋಸಾಫ್ಟ್ ತನ್ನ ಮಾತು ವಾಪಸ್ ತಗೊಂಡಿತು. ಆದರೆ ತಮಾಷೆ ನೋಡಿ, 2020ರಲ್ಲಿ ಇಬ್ಬರೂ ಡಿಸ್ಕ್ ಹಾಕುವ ಸೀಳೇ ಇಲ್ಲದ ಯಂತ್ರ ಮಾರುತ್ತಿದ್ದರು. ಜನ ಸುಮ್ನೆ ಕೊಂಡರು. ಜಗಳಕ್ಕೆ ಡಿಸ್ಕೇ ಇಲ್ಲವಲ್ಲ.

ಡೌನ್‌ಲೋಡ್ ವ್ಯಾಪಾರಕ್ಕೆ ಗಟ್ಟಿ ಬುನಾದಿ ಬಿದ್ದದ್ದು 2013ರ ಆ ಜಗಳಕ್ಕೂ ಹತ್ತು ವರ್ಷ ಮೊದಲು. 2003ರಲ್ಲಿ ವಾಲ್ವ್ ಕಂಪನಿ, ಇಂಟರ್ನೆಟ್ಟಿನಲ್ಲೇ ಆಟ ತಲುಪಿಸುವ ಸ್ಟೀಮ್ ಅನ್ನುವುದನ್ನು ಶುರು ಮಾಡಿತು. ಮರುವರ್ಷ ಅವರ ಹಾಫ್-ಲೈಫ್ 2 ಅನ್ನುವ ಆಟ ಬಂತು. ಅಂಗಡಿಯಿಂದ ಡಿಸ್ಕ್ ತಂದರೂ ಸ್ಟೀಮಿನಲ್ಲಿ ಹೆಸರು ನೋಂದಾಯಿಸದೆ ಆಟ ತೆರೆಯುತ್ತಿರಲಿಲ್ಲ. ಆಗ ಅದು ದೊಡ್ಡ ಕಿರಿಕಿರಿ. ಈಗ ಕಂಪ್ಯೂಟರಿನಲ್ಲಿ ಆಡುವವರಿಗೆ ಸ್ಟೀಮ್ ಅಂದರೆ ಸಂತೆ ಮೈದಾನ. ಇದರಿಂದ ಒಳ್ಳೆಯದೂ ಆಗಿದೆ, ಇಲ್ಲ ಅನ್ನಲಾರೆ. ಮಂಡ್ಯದಲ್ಲೋ ಶಿರಸಿಯಲ್ಲೋ ಕೂತ ಹುಡುಗನಿಗೆ ಹಿಂದೆ ಅಸಲಿ ಡಿಸ್ಕ್ ಸಿಗುತ್ತಲೇ ಇರಲಿಲ್ಲ. 2015ರಿಂದ ಸ್ಟೀಮಿನಲ್ಲಿ ರೂಪಾಯಿ ಲೆಕ್ಕದಲ್ಲೇ ಬೆಲೆ ಬಂತು. ನಾಲ್ಕೇ ಜನ ಸೇರಿ ಮಾಡಿದ ಸಣ್ಣ ಆಟವೂ ಈಗ ಡಬ್ಬಿ ಇಲ್ಲದೆ, ಲಾರಿ ಇಲ್ಲದೆ ಪ್ರಪಂಚಕ್ಕೆಲ್ಲ ತಲುಪುತ್ತದೆ.

ಡಬ್ಬಿ ಹೋದದ್ದಕ್ಕೆ ನನಗೆ ಅಷ್ಟೇನೂ ಬೇಜಾರಿಲ್ಲ. ಡಬ್ಬಿಯ ಜೊತೆ ಬೆಲೆ ಚೀಟಿಯೂ ಹೋಯಿತಲ್ಲ, ಬೇಜಾರು ಅದಕ್ಕೆ.

2006ರ ಏಪ್ರಿಲ್‌ನಲ್ಲಿ ಬೆಥೆಸ್ಡಾ ಕಂಪನಿ ತನ್ನ ಆಬ್ಲಿವಿಯನ್ ಆಟದೊಳಗೆ ಕುದುರೆಗೆ ತೊಡಿಸುವ ಒಂದು ಕವಚ ಮಾರಾಟಕ್ಕಿಟ್ಟಿತು. ಎರಡೂವರೆ ಡಾಲರ್. ಪೂರ್ತಿ ದುಡ್ಡು ಕೊಟ್ಟು ಕೊಂಡ ಆಟದಲ್ಲಿ ಕುದುರೆಯ ಅಂಗಿಗೆ ಬೇರೆ ದುಡ್ಡಾ ಅಂತ ಆಡುವವರೆಲ್ಲ ಗೇಲಿ ಮಾಡಿದರು. ಗೇಲಿ ಮಾಡುತ್ತಲೇ ಬಹಳ ಜನ ಕೊಂಡರು ಕೂಡ. ಈಗ ಹಿಂತಿರುಗಿ ನೋಡಿದರೆ ಆ ಕುದುರೆ ಪಾಪ, ಬಲು ಪ್ರಾಮಾಣಿಕ. ಏನು ಸಿಗುತ್ತದೆ, ಎಷ್ಟು ಕೊಡಬೇಕು, ಎರಡೂ ಮೊದಲೇ ಗೊತ್ತಿತ್ತು.

ಮುಂದೆ ಬಂದದ್ದು ಗೊತ್ತಾಗದ ವ್ಯಾಪಾರ. 2009ರ ಮಾರ್ಚ್‌ನಲ್ಲಿ ಇಎ ತನ್ನ ಫಿಫಾ ಫುಟ್‌ಬಾಲ್ ಆಟದಲ್ಲಿ ಅಲ್ಟಿಮೇಟ್ ಟೀಮ್ ಅನ್ನುವುದನ್ನು ಸೇರಿಸಿತು. ನಮ್ಮ ತಂಡ ನಾವೇ ಕಟ್ಟಬೇಕು. ಆಟಗಾರರು ಕಾರ್ಡುಗಳಾಗಿ ಬರುತ್ತಾರೆ. ಕಾರ್ಡುಗಳು ಮುಚ್ಚಿದ ಪ್ಯಾಕಿನಲ್ಲಿರುತ್ತವೆ. ಆಡಿ ಆಡಿ ಗಳಿಸಿದ ನಾಣ್ಯದಿಂದಲೂ ಪ್ಯಾಕ್ ಕೊಳ್ಳಬಹುದು. ಕಾಯೋಕೆ ಆಗದವರು ನಿಜವಾದ ದುಡ್ಡು ಹಾಕಬಹುದು. ಒಳಗೆ ಮೆಸ್ಸಿ ಇದ್ದಾನೋ, ಯಾವುದೋ ಮೂರನೇ ದರ್ಜೆ ಕ್ಲಬ್ಬಿನ ಗೋಲ್‌ಕೀಪರ್ ಇದ್ದಾನೋ, ತೆರೆದ ಮೇಲೆಯೇ ಗೊತ್ತು.

ನಮ್ಮ ಕಾಲದಲ್ಲೂ ಬಬಲ್ ಗಮ್ ಜೊತೆ ಕ್ರಿಕೆಟ್ ಆಟಗಾರರ ಚೀಟಿ ಬರುತ್ತಿತ್ತಲ್ಲ, ಇದೂ ಅದೇ ತಾನೇ ಅಂತ ನೀವು ಕೇಳಬಹುದು. ಇಎ ಕೂಡ ಹೀಗೇ ಹೇಳಿತು. 2019ರ ಜೂನಿನಲ್ಲಿ ಬ್ರಿಟನ್ ಸಂಸತ್ತಿನ ಸಮಿತಿಯೊಂದರ ಮುಂದೆ ಅದರ ಪ್ರತಿನಿಧಿ, ಇವೆಲ್ಲ ಕಿಂಡರ್ ಮೊಟ್ಟೆಯ ಹಾಗೆ, ಮಕ್ಕಳಿಗೆ ಅಚ್ಚರಿ ಅಂದರೆ ಇಷ್ಟ ಅನ್ನುವ ಧಾಟಿಯಲ್ಲಿ ಮಾತಾಡಿದರು. ನಮ್ಮ ಅಂಗಡಿಗಳಲ್ಲಿ ಬಿಲ್ ಕೌಂಟರಿನ ಪಕ್ಕ, ಮಕ್ಕಳ ಕೈಗೆ ಸಿಗುವ ಎತ್ತರದಲ್ಲೇ ಕಿಂಡರ್ ಜಾಯ್ ಇಟ್ಟಿರುತ್ತಾರಲ್ಲ, ಅದರ ಅಣ್ಣ.

ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಬಬಲ್ ಗಮ್ ಚೀಟಿಯನ್ನು ನಾನು ಪಕ್ಕದ ಮನೆ ಹುಡುಗನಿಗೆ ಕೊಟ್ಟು ಕಪಿಲ್ ದೇವ್ ತಗೋಬಹುದಿತ್ತು. ಹತ್ತು ವರ್ಷ ಆದ ಮೇಲೂ ಅದು ಟ್ರಂಕಿನಲ್ಲಿ ಇರುತ್ತಿತ್ತು. ಫುಟ್‌ಬಾಲ್ ಆಟದ ಈ ಕಾರ್ಡುಗಳಿಗೆ ಆಯಸ್ಸು ಒಂದು ವರ್ಷ. ಪ್ರತಿ ಸೆಪ್ಟೆಂಬರಿನ ಹೊತ್ತಿಗೆ ಹೊಸ ಆಟ ಬರುತ್ತದೆ. ಹಳೇ ತಂಡ ಅಲ್ಲಿಗೆ ಬರುವುದಿಲ್ಲ. ಮತ್ತೆ ಮೊದಲಿಂದ, ಮತ್ತೆ ಪ್ಯಾಕ್. ಒಳ್ಳೊಳ್ಳೆ ಆಟಗಾರರು ಸಿಗುವ ಸಾಧ್ಯತೆ ಎಷ್ಟು ಅಂತ ಈಗ ಬರೆದಿರುತ್ತಾರೆ. ಎಷ್ಟೋ ಕಡೆ ನೂರಕ್ಕೆ ಒಂದಕ್ಕಿಂತ ಕಡಿಮೆ ಅಂತಷ್ಟೇ ಬರೆದದ್ದುಂಟು. ಒಂದಕ್ಕಿಂತ ಕಡಿಮೆ ಅಂದರೆ ಅರ್ಧವೂ ಆಗಬಹುದು, ಸಾವಿರಕ್ಕೊಂದೂ ಆಗಬಹುದು, ಅಲ್ವಾ?

ಈ ಪ್ಯಾಕುಗಳ ದುಡ್ಡು ಎಷ್ಟು ಅಂತೀರಿ? 2021ರ ಮಾರ್ಚ್‌ಗೆ ಮುಗಿದ ಲೆಕ್ಕದ ವರ್ಷದಲ್ಲಿ ಅಲ್ಟಿಮೇಟ್ ಟೀಮ್‌ಗಳಿಂದಲೇ ಇಎಗೆ ಬಂದದ್ದು ಸುಮಾರು 162 ಕೋಟಿ ಡಾಲರ್. ಕಂಪನಿಯ ಒಟ್ಟು ಆದಾಯದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ. ಈಚೆಗೆ ಅದರ ಆದಾಯದಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಪಾಲು, ಆಟ ಮಾರಿದ ಮೇಲೆ ಆಟದೊಳಗೆ ನಡೆಯುವ ಇಂಥ ವ್ಯಾಪಾರ, ಚಂದಾ ಮುಂತಾದವುಗಳದ್ದು. ಹಾಗಾದರೆ ಡಬ್ಬಿಗೆ ಕೊಟ್ಟ ದುಡ್ಡು ಏನಾಯಿತು? ಅದು ಜಾತ್ರೆಯ ಗೇಟಿನ ಟಿಕೆಟ್. ತೊಟ್ಟಿಲು, ಬೊಂಬೆ, ಬಳೆ ಎಲ್ಲ ಒಳಗೆ.

ಇದು ಮಿತಿಮೀರಿದ್ದು 2017ರ ನವೆಂಬರ್‌ನಲ್ಲಿ. ಇಎಯ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಬರುವುದಿತ್ತು. 60 ಡಾಲರ್ ಕೊಟ್ಟು ಕೊಂಡರೂ ಆ ಸಿನಿಮಾದ ಹೆಸರಾಂತ ಖಳ ಡಾರ್ತ್ ವೇಡರ್ ಪಾತ್ರಕ್ಕೆ ಬೀಗ. ಬೀಗ ತೆಗೆಯಲು ಆಟದೊಳಗಿನ ನಾಣ್ಯ, ಅಂದರೆ ಕ್ರೆಡಿಟ್, 60,000 ಬೇಕು. ಆಡುವವರು ಲೆಕ್ಕ ಹಾಕಿದರು. ಸುಮಾರು 40 ಗಂಟೆ ಆಡಬೇಕು ಅಂತ ಬಂತು. ಯಾರೋ ರೆಡಿಟ್ ಅನ್ನುವ ಚರ್ಚಾ ತಾಣದಲ್ಲಿ ಇದನ್ನು ಕೇಳಿದರು. ಕಂಪನಿಯ ಉತ್ತರದ ತಾತ್ಪರ್ಯ ಏನಪ್ಪಾ ಅಂದರೆ, ಕಷ್ಟಪಟ್ಟು ಪಡೆದಾಗ ಸಾಧಿಸಿದ ಹೆಮ್ಮೆ ಇರುತ್ತದೆ. ನಮ್ಮ ಮೇಷ್ಟ್ರುಗಳು ಹೇಳುತ್ತಿದ್ದ ಮಾತೇ. ಆದರೆ ಮೇಷ್ಟ್ರು ಪಕ್ಕದಲ್ಲಿ ಅಂಗಡಿ ಇಟ್ಟಿರಲಿಲ್ಲ. ಆ ಉತ್ತರಕ್ಕೆ ಆರು ಲಕ್ಷಕ್ಕೂ ಹೆಚ್ಚು ಜನ ಹೆಬ್ಬೆರಳು ಕೆಳಗೆ ಮಾಡಿದರು. ಗಿನ್ನೆಸ್ ದಾಖಲೆಗೆ ಹೋಯಿತು. ಆಟ ಬಿಡುಗಡೆಯಾಗುವ ಹಿಂದಿನ ದಿನ ಇಎ ಆಟದೊಳಗಿನ ದುಡ್ಡಿನ ವ್ಯಾಪಾರ ನಿಲ್ಲಿಸಿತು.

ಮರುವರ್ಷ ಬೆಲ್ಜಿಯಂ ದೇಶದ ಜೂಜು ಆಯೋಗ, ಫಿಫಾ 18 ಸೇರಿದಂತೆ ಕೆಲವು ಆಟಗಳ ಇಂಥ ಪೆಟ್ಟಿಗೆಗಳು ಜೂಜೇ ಅಂತ ಹೇಳಿತು. ಸ್ವಲ್ಪ ದಿನ ಜಗ್ಗಾಡಿ, 2019ರ ಜನವರಿಯಲ್ಲಿ ಇಎ ಅಲ್ಲಿ ಪ್ಯಾಕ್ ಕೊಳ್ಳುವ ಪಾಯಿಂಟುಗಳನ್ನು ದುಡ್ಡಿಗೆ ಮಾರುವುದನ್ನು ಬಿಟ್ಟಿತು. ಪಕ್ಕದ ನೆದರ್ಲೆಂಡ್ಸ್ ಒಂದು ಕೋಟಿ ಯೂರೋ ದಂಡ ಹಾಕಿತು. 2022ರಲ್ಲಿ ಅಲ್ಲಿನ ಮೇಲಿನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಗಡಿಯ ಈಚೆ ಜೂಜು, ಆಚೆ ಆಟ.

ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಆಟಗಳ ಬಗ್ಗೆ ಕೇಂದ್ರದ ಕಾನೂನು ಬಂತು. ಹಣ ಕಟ್ಟಿ ಹಣ ಗೆಲ್ಲುವ ಆಸೆಯಿಂದ ಆಡುವ ಆಟಗಳಿಗೆ ನಿಷೇಧ. ಅದಕ್ಕೂ ಮೊದಲು 2021ರಲ್ಲಿ ಕರ್ನಾಟಕ ಸರ್ಕಾರವೇ ಇಂಥದ್ದೊಂದು ಕಾನೂನು ಮಾಡಿತ್ತು. ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಅದರ ಮುಖ್ಯ ಭಾಗಗಳನ್ನು ಹೊಡೆದು ಹಾಕಿತು. ಈ ಕಾನೂನುಗಳ ಕಣ್ಣು ಗೆಲ್ಲುವ ಹಣದ ಮೇಲೆ. ನಮ್ಮ ಹುಡುಗನ ಪೆಟ್ಟಿಗೆಯಿಂದ ಹಣ ಬರುವುದಿಲ್ಲ. ನೀಲಿ ಬಣ್ಣ ಬರುತ್ತದೆ.

ಆ ಕಾಯಿನ್ ವಿಷಯಕ್ಕೆ ಬರೋಣ. ಕಾಯಿನ್, ಪಾಯಿಂಟ್, ವಿ-ಬಕ್ಸ್, ಹೆಸರು ಏನಾದರೂ ಇರಲಿ. ರೂಪಾಯಿಯನ್ನು ಮೊದಲು ಬೇರೆ ನಾಣ್ಯ ಮಾಡಿಸುತ್ತಾರೆ. ಆಮೇಲೆ ಖರ್ಚು ಮಾಡುವಾಗ ರೂಪಾಯಿಯ ನೋವು ಗೊತ್ತಾಗುವುದಿಲ್ಲ. ಇನ್ನೊಂದು ಜಾಣತನ ನೋಡಿ. ಫೋರ್ಟ್‌ನೈಟ್ ಆಟದಲ್ಲಿ ಬಹಳ ಕಾಲ 1,000 ವಿ-ಬಕ್ಸ್‌ನ ಕಟ್ಟು ಇದ್ದರೆ ಪಾತ್ರಗಳ ಬಟ್ಟೆಗಳ ಬೆಲೆ 800, 1,200, 1,500 ಹೀಗೆ ಇತ್ತು. 800ರದ್ದು ಕೊಂಡರೆ 200 ಉಳಿಯುತ್ತಿತ್ತು. 1,200ರದ್ದು ಬೇಕಾದರೆ 200 ಕಡಿಮೆ ಬೀಳುತ್ತಿತ್ತು. ಹಳೇ ಕಿರಾಣಿ ಅಂಗಡಿಯಲ್ಲಿ ಚಿಲ್ಲರೆ ಇಲ್ಲ ಅಂತ ಎರಡು ಚಾಕೊಲೇಟ್ ಕೊಡುತ್ತಿದ್ದರಲ್ಲ, ಇಲ್ಲಿ ಆ ಚಾಕೊಲೇಟೂ ಇರಲಿಲ್ಲ.

ಅದೇ ಫೋರ್ಟ್‌ನೈಟ್‌ನ ಎಪಿಕ್ ಗೇಮ್ಸ್ ಮೇಲೆ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ತಗೊಂಡಿತು. ಒಟ್ಟು 52 ಕೋಟಿ ಡಾಲರ್‌ಗೆ ರಾಜಿಯಾಯಿತು. ಅದರಲ್ಲಿ 24.5 ಕೋಟಿ ಗ್ರಾಹಕರಿಗೆ ವಾಪಸ್ ಕೊಡಲು. ಆರೋಪ ಏನಂದರೆ, ಗುಂಡಿಗಳನ್ನು ಹೇಗೆ ಇಟ್ಟಿದ್ದರು ಅಂದರೆ ಕೈ ತಪ್ಪಿ ಒಂದು ಒತ್ತಿದರೂ ಖರೀದಿ ಆಗಿಬಿಡುತ್ತಿತ್ತು. 2018ರವರೆಗೆ ಅಪ್ಪ ಅಮ್ಮನನ್ನು ಕೇಳದೆಯೇ ಮಕ್ಕಳು ವಿ-ಬಕ್ಸ್ ಕೊಳ್ಳಬಹುದಿತ್ತು. ಈ ಖರ್ಚು ನನ್ನದಲ್ಲ ಅಂತ ಕಾರ್ಡ್ ಕಂಪನಿಗೆ ದೂರು ಕೊಟ್ಟವರ ಖಾತೆಗೆ ಬೀಗ ಹಾಕುತ್ತಿದ್ದರು.

ಖಾತೆಗೆ ಬೀಗ ಅಂದರೆ ಕೊಂಡ ಆಟವೂ ಹೋಯಿತು. ಅಂದರೆ ನಾವು ಕೊಂಡದ್ದಾದರೂ ಏನು? ಯೂಬಿಸಾಫ್ಟ್‌ನ ದಿ ಕ್ರೂ ಅನ್ನುವ ಕಾರ್ ಆಟ 2014ರಲ್ಲಿ ಬಂದಿತ್ತು. 2024ರ ಮಾರ್ಚ್ 31ರಂದು ಸರ್ವರ್ ಆಫ್ ಮಾಡಿದರು. ಒಬ್ಬರೇ ಆಡುವ ಭಾಗವೂ ಅದೇ ಸರ್ವರಿಗೆ ಜೋತುಬಿದ್ದಿತ್ತು. ಹಾಗಾಗಿ ಡಿಸ್ಕ್ ಇದ್ದವರದ್ದೂ ಅದೇ ಗತಿ. ಕ್ಯಾಲಿಫೋರ್ನಿಯಾ ರಾಜ್ಯ ಅದೇ ವರ್ಷ ಒಂದು ಕಾನೂನು ಮಾಡಿತು. ಡಿಜಿಟಲ್ ಅಂಗಡಿಯವರು 'ಕೊಳ್ಳಿ' ಅಂತ ಬರೆಯಬೇಕಾದರೆ, ಕೊಡುತ್ತಿರುವುದು ಬರೀ ಪರವಾನಗಿ ಅಂತ ಸ್ಪಷ್ಟವಾಗಿ ಹೇಳಬೇಕು.

ಇದಕ್ಕೆಲ್ಲ ಎದುರಾಗಿ ನನಗೆ ನೆನಪಾಗುವುದು ಇಎಯದ್ದೇ ಇನ್ನೊಂದು ಆಟ. ಕ್ರಿಕೆಟ್ 07. ಬಂದದ್ದು 2006ರಲ್ಲಿ. ನಮ್ಮ ಹಾಸ್ಟೆಲುಗಳಲ್ಲಿ, ಸೈಬರ್ ಕೆಫೆಗಳಲ್ಲಿ ಅದನ್ನು ಆಡದ ಹುಡುಗರು ಕಡಿಮೆ. ನಿಜ ಹೇಳಬೇಕಂದರೆ ನಮ್ಮಲ್ಲಿ ಬಹಳ ಜನರ ಹತ್ತಿರ ಇದ್ದದ್ದು ಮೆಜೆಸ್ಟಿಕ್ ಕಡೆಯ ನಕಲಿ ಸಿಡಿ. ಪ್ರಕಾಶಕರು ಡಿಸ್ಕಿನಿಂದ ಓಡಿಹೋದದ್ದಕ್ಕೆ ನಾವೂ ಒಂದು ಕಾರಣ, ಒಪ್ಪಿಕೊಳ್ಳೋಣ. ಆದರೆ ಆ ಆಟಕ್ಕೆ ಸರ್ವರ್ ಬೇಡ, ಕಾಯಿನ್ ಬೇಡ. ಅದು ಬಂದಾಗ ಐಪಿಎಲ್ ಹುಟ್ಟೇ ಇರಲಿಲ್ಲ. ಆಮೇಲೆ ಅಭಿಮಾನಿಗಳೇ ಕೂತು ಐಪಿಎಲ್ ತಂಡಗಳನ್ನು, ಹೊಸ ಜೆರ್ಸಿಗಳನ್ನು, ಹೊಸ ಆಟಗಾರರನ್ನು ಸೇರಿಸಿ ಹಂಚಿದರು. ಪುಕ್ಕಟೆ. ಹದಿನೆಂಟು ವರ್ಷ ದಾಟಿದರೂ ಅದನ್ನು ಆಡುವವರು ಇದ್ದಾರೆ. ಹುಡುಗನಿಗೆ ಇದನ್ನೆಲ್ಲ ಹೇಳಿದೆ. "ಗ್ರಾಫಿಕ್ಸ್ ಚೆನ್ನಾಗಿಲ್ಲ ಮಾವ" ಅಂದ. ಅದೂ ನಿಜವೇ.

ಆಮೇಲೆ ಇಬ್ಬರೂ ಕೂತು ಅವನ ಯುಪಿಐ ಹಿಸ್ಟರಿ ತೆಗೆದೆವು. ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದೊಂದಾಗಿ ಬರೆದೆವು. 29, 89, 89, 159, ಮತ್ತೆ 89. ದಸರಾ ರಜೆಯಲ್ಲಿ ಒಂದೇ ದಿನ ನಾಲ್ಕು ಸಲ. ಹನ್ನೊಂದು ತಿಂಗಳಿಗೆ ಕೂಡಿದಾಗ 6,412 ರೂಪಾಯಿ ಬಂತು. ಅವನು ಎರಡು ಸಲ ಕೂಡಿ ನೋಡಿದ. ಬದಲಾಗಲಿಲ್ಲ.

"ಅಮ್ಮನಿಗೆ ಹೇಳ್ಬೇಡ ಮಾವ" ಅಂದ. ಹೇಳಲ್ಲ ಅಂತ ಮಾತು ಕೊಟ್ಟೆ. ಅಕ್ಕ ಈ ಹೊತ್ತಿಗೆ ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡಿರುತ್ತಾಳೆ ಅನ್ನುವುದು ಆಗ ನೆನಪಿಗೆ ಬರಲಿಲ್ಲ.

ನಮಸ್ಕಾರ.