ಗೇಟಿನ ಹತ್ತಿರ ಒಬ್ಬರು ಕಾಯುತ್ತಿದ್ದಾರೆ

ಎಲ್ಲರಿಗೂ ನಮಸ್ಕಾರ. ನನ್ನ ಪರಿಚಯ ಮಾಡಿಕೊಡುವಾಗ ‘ಗಟ್ಟಿ ಮನಸ್ಸಿನವರು’ ಅಂದರು. ನಮ್ಮ ಮನೆಯವರು ಇಲ್ಲಿ ಇದ್ದಿದ್ದರೆ ಎದ್ದು ಹೊರಗೆ ಹೋಗಿ ನಕ್ಕು ಬರುತ್ತಿದ್ದರು. ಹನ್ನೊಂದು ವರ್ಷದಿಂದ ಓಡುತ್ತಿದ್ದೇನೆ, ನಿಜ. ಆದರೆ ಅಲಾರಂ ಹೊಡೆದಾಗ ಇವತ್ತಿಗೂ ಮೊದಲು ಬರುವ ಯೋಚನೆ, ‘ಒಂದು ದಿನ ಬಿಟ್ಟರೆ ಏನಾಗುತ್ತೆ?’ ಅಂತಲೇ.

ಮತ್ತೆ ಏಳುವುದು ಹೇಗೆ? ಗೇಟಿನ ಹತ್ತಿರ ಒಬ್ಬರು ಕಾಯುತ್ತಿದ್ದಾರೆ, ಅದಕ್ಕೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಒಗ್ಗರಣೆ.

ನಾನು ಶುರು ಮಾಡಿದ್ದು 44ನೇ ವಯಸ್ಸಿಗೆ. ಮೊದಲ ದಿನ ಎರಡು ನಿಮಿಷ ಓಡಿದೆ, ಜೀವ ಬಾಯಿಗೆ ಬಂತು. ದೀಪದ ಕಂಬ ಹಿಡಿದು ನಿಂತಿದ್ದೆ. ಹಿಂದಿನಿಂದ ಒಬ್ಬರು ಆರಾಮಾಗಿ ಓಡುತ್ತಾ ಬಂದು, “ನಿಧಾನ ಸಾರ್, ಯಾರೂ ಅಟ್ಟಿಸಿಕೊಂಡು ಬರ್ತಿಲ್ಲ” ಅಂದರು. ನಮ್ಮ ಸ್ನೇಹ ಶುರುವಾಗಿದ್ದು ಹೀಗೆ, ಅವಮಾನದಿಂದ.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಹೊಸದಾಗಿ ಓಡುವವರು ಮಾಡುವ ದೊಡ್ಡ ತಪ್ಪು ಜೋರಾಗಿ ಓಡುವುದು. ಓಡುತ್ತಲೇ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಒಂದೊಂದೇ ಪದ ಹೊರಬರುತ್ತಿದ್ದರೆ ವೇಗ ಜಾಸ್ತಿ ಆಯಿತು ಅಂತ ಅರ್ಥ. ಇನ್ನೊಂದು ವಿಷಯ. ಉಸಿರು ಕೆಲವು ವಾರಗಳಲ್ಲೇ ಸುಧಾರಿಸುತ್ತದೆ. ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳು ಬೇಕು. ಎದೆ ‘ಓಡು’ ಅನ್ನುತ್ತದೆ, ಮೊಣಕಾಲು ‘ಸ್ವಲ್ಪ ತಡಿ’ ಅನ್ನುತ್ತದೆ. ಆ ಜಗಳದಲ್ಲಿ ಮೊಣಕಾಲಿನ ಮಾತು ಕೇಳಿ. ನಾನು ಕೇಳದೆ ಎರಡು ತಿಂಗಳು ಕುಂಟಿದ್ದೇನೆ.

ಇರಲಿ, ಗೇಟಿಗೆ ಬರೋಣ. ಬೆಳಿಗ್ಗೆ ಐದೂಮುಕ್ಕಾಲಿಗೆ ಪಾರ್ಕಿನ ಗೇಟು ಅಂತ ಇಬ್ಬರೂ ಮಾತಾಡಿಕೊಂಡೆವು. ಫೋನ್ ನಂಬರ್ ತಗೊಂಡಿರಲಿಲ್ಲ. ಮೂರನೇ ವಾರ ಒಂದು ದಿನ ಜೋರು ಮಳೆ. ಇಂಥ ಮಳೆಯಲ್ಲಿ ಅವರೇನು ಬರುತ್ತಾರೆ ಅಂತ ನಾನೇ ತೀರ್ಮಾನ ಮಾಡಿ ಹೊದ್ದು ಮಲಗಿದೆ. ಎಷ್ಟು ಒಳ್ಳೆಯ ನಿದ್ದೆ ಬಂತು ಗೊತ್ತಾ! ಮಾರನೇ ದಿನ ಹೋದೆ. ಅವರು ಏನೂ ಕೇಳಲಿಲ್ಲ. ಓಡತೊಡಗಿದ ಮೇಲೆ ನೋಡುತ್ತೇನೆ, ಅವರ ಬೂಟು ಪಚಕ್ ಪಚಕ್ ಅನ್ನುತ್ತಿದೆ. ಹಿಂದಿನ ದಿನದ ನೀರು ಇನ್ನೂ ಆರಿರಲಿಲ್ಲ. “ನಿನ್ನೆ ಬಂದಿದ್ರಾ?” ಅಂದೆ. “ಇಪ್ಪತ್ತು ನಿಮಿಷ ನೋಡ್ದೆ” ಅಂದರು. ಅಷ್ಟೇ. ಬೈದಿದ್ದರೆ ನಾನೂ ಎರಡು ಮಾತು ಆಡಿ ಮರೆತುಬಿಡುತ್ತಿದ್ದೆ. ಅವರು ಬೈಯಲಿಲ್ಲ. ಆ ಪಚಕ್ ಪಚಕ್ ಸದ್ದು ಈಗಲೂ ನನ್ನ ಅಲಾರಂ.

ಅದಕ್ಕೇ ಹೇಳುವುದು, ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನನ್ನ ಮನಸ್ಸು ಬೆಣ್ಣೆ. ಕೊಟ್ಟ ಮಾತು ಇನ್ನೊಬ್ಬರ ಕೈಯಲ್ಲಿದ್ದರೆ ಮಾತ್ರ ಉಳಿಯುತ್ತದೆ.

ಇದು ನನ್ನಂಥ ಸೋಮಾರಿಗಳ ಸಮಾಚಾರ ಅಂತ ನಗಬೇಡಿ. 2019ರ ಅಕ್ಟೋಬರ್‌ನಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಒಂದು ಮ್ಯಾರಥಾನ್ ದೂರವನ್ನು, ಅಂದರೆ 42.195 ಕಿಲೋಮೀಟರನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದರು. ಅವರ ಸುತ್ತ ಸರದಿಯಲ್ಲಿ ಓಡಿದವರು 41 ಜನ. ಹಾಗೆ ಸರದಿಯಲ್ಲಿ ಜೊತೆ ಕೊಡುವುದು ನಿಯಮಕ್ಕೆ ಹೊಂದುವುದಿಲ್ಲ, ಆದ್ದರಿಂದ ಅದು ವಿಶ್ವದಾಖಲೆ ಪಟ್ಟಿಗೆ ಸೇರಲಿಲ್ಲ. ಸೇರದಿರಲಿ ಬಿಡಿ. ಅಂಥವರಿಗೇ 41 ಜನ ಬೇಕಾದರೆ, ನನಗೆ ಒಬ್ಬರಾದರೂ ಬೇಡವೇ?

ನನಗೆ ತುಂಬಾ ಇಷ್ಟವಾದ ಕತೆ ಇನ್ನೊಂದಿದೆ. ಜೆಕೊಸ್ಲೊವಾಕಿಯಾದ ಓಟಗಾರ ಎಮಿಲ್ ಜಾಟೋಪೆಕ್ ಗೊತ್ತಲ್ವಾ? 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್, ಆಮೇಲೆ ಮ್ಯಾರಥಾನ್, ಮೂರರಲ್ಲೂ ಚಿನ್ನ. ಅವರು ಮ್ಯಾರಥಾನ್ ಓಡಿದ್ದೇ ಅದು ಮೊದಲ ಸಲ! ಇತ್ತ ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್. ವಿಶ್ವದಾಖಲೆಗಳ ಮೇಲೆ ದಾಖಲೆ, ಒಲಿಂಪಿಕ್ ಚಿನ್ನ ಮಾತ್ರ ಇಲ್ಲ. 1966ರಲ್ಲಿ ಕ್ಲಾರ್ಕ್ ಪ್ರಾಗ್‌ಗೆ ಹೋಗಿ ವಾಪಸ್ ಹೊರಟಾಗ ಜಾಟೋಪೆಕ್ ಒಂದು ಸಣ್ಣ ಪೊಟ್ಟಣವನ್ನು ಕ್ಲಾರ್ಕ್ ಕೈಗೆ ತುರುಕಿದರು. ಆಗ ಶೀತಲ ಸಮರದ ಕಾಲ ನೋಡಿ, ಗುಟ್ಟಾಗಿ ಏನೋ ಸಾಗಿಸುವ ಕೆಲಸ ತನ್ನ ತಲೆಗೆ ಬಂತಲ್ಲಪ್ಪಾ ಅಂತ ಕ್ಲಾರ್ಕ್‌ಗೆ ದಿಗಿಲು. ಆಮೇಲೆ ಬಿಚ್ಚಿ ನೋಡಿದರೆ ಒಳಗಿದ್ದದ್ದು 1952ರ 10,000 ಮೀಟರಿನ ಚಿನ್ನದ ಪದಕ. ಕೊಟ್ಟೇಬಿಟ್ಟಿದ್ದರು! ನಾನು ನನ್ನ ಮೊದಲ ಹತ್ತು ಕಿಲೋಮೀಟರಿನ ತಗಡಿನ ಪದಕವನ್ನು ಮೊಮ್ಮಗುವಿಗೂ ಮುಟ್ಟಲು ಬಿಡುವುದಿಲ್ಲ.

ಚೀಟಿ ಬಂತು, ಐದು ನಿಮಿಷ ಅಂತೆ. ಬೂಟು, ಆಹಾರ, ನಿದ್ದೆ ಅಂತೆಲ್ಲ ಬರೆದುಕೊಂಡು ಬಂದಿದ್ದೆ. ಬೂಟು ಕಾಲಿಗೆ ಹಿತವಾಗಿರಲಿ, ನಿದ್ದೆ ಚೆನ್ನಾಗಿ ಮಾಡಿ. ಮುಗಿಯಿತು.

ಒಂದನ್ನು ಮಾತ್ರ ಬಿಡಲಾರೆ. ಓಡುವಾಗ ಇಬ್ಬರೂ ಮುಂದೆ ನೋಡುತ್ತಿರುತ್ತೀರಿ. ಮುಖ ನೋಡಬೇಕಾಗಿಲ್ಲ. ನನ್ನ ಗೆಳೆಯರಿಗೆ ಕೆಲಸ ಹೋಗಿ ಒಂದೂವರೆ ತಿಂಗಳಾಗಿತ್ತು, ಮನೆಯಲ್ಲೂ ಹೇಳಿರಲಿಲ್ಲ. ನಾಲ್ಕನೇ ಕಿಲೋಮೀಟರಿನಲ್ಲಿ, ದಾರಿ ನೋಡುತ್ತಲೇ ಹೇಳಿದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. “ಇನ್ನೊಂದು ಸುತ್ತು ಹೋಗೋಣ್ವಾ?” ಅಂದೆ. ಹೋದೆವು. ಅವತ್ತು ಸಂಜೆ ಅವರು ಮನೆಯಲ್ಲಿ ಹೇಳಿದರು.

ಇವತ್ತು ಹೊಸದಾಗಿ ಸೇರಿದವರು ಪಕ್ಕದಲ್ಲಿ ಕೂತವರನ್ನು ಒಮ್ಮೆ ನೋಡಿ. ನಾಳೆ ಎಲ್ಲಿ, ಎಷ್ಟು ಗಂಟೆಗೆ ಅಂತ ಈಗಲೇ ಮಾತಾಡಿಕೊಳ್ಳಿ. ಫೋನ್ ನಂಬರ್ ತಗೊಳ್ಳಿ, ನಾವು ಮಾಡಿದ ತಪ್ಪು ಮಾಡಬೇಡಿ. ಬರಲಾಗದಿದ್ದರೆ ಹಿಂದಿನ ರಾತ್ರಿಯೇ ಹೇಳಿಬಿಡಿ. ಮಳೆ ಬಂದರೂ ಅವರು ನಿಂತಿರುತ್ತಾರೆ.